ಬೇರೆ ರಾಜ್ಯಕ್ಕೆ ದುಡಿಯಲು ಹೊರಟಿದ್ದೀರಾ? ರೇಷನ್, ಅಂಗನವಾಡಿ ಆಹಾರ, ಬಿಸಿಯೂಟ ತಪ್ಪದಿರಲು ಏನು ಮಾಡಬೇಕು

ಸುಗ್ಗಿ ಮುಗಿಯುತ್ತಲೇ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಗೋವಾಕ್ಕೆ, ಕಲಬುರಗಿ, ಯಾದಗಿರಿಯ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದಿಗೆ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಆಗೆಲ್ಲ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ನಮ್ಮ ರೇಷನ್ ಕಾರ್ಡ್ ಅಲ್ಲಿ ನಡೀತದೇನ್ರಿ?"

ನಡೆಯುತ್ತದೆ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಯಾರ ಸಹಿಯೂ ಬೇಕಿಲ್ಲ. ಆದರೆ ಇದನ್ನು ಕೇಳುವವರಲ್ಲಿ ಹೆಚ್ಚಿನವರು ಇನ್ನೊಂದನ್ನು ಕೇಳುವುದೇ ಇಲ್ಲ. ಕಂಕುಳಲ್ಲಿರುವ ಎರಡು ವರ್ಷದ ಮಗುವಿಗೆ ಊರಿನ ಅಂಗನವಾಡಿಯಿಂದ ಬರುತ್ತಿದ್ದ ಪುಷ್ಟಿ ಪುಡಿ ಏನಾಗುತ್ತದೆ? ಬಸುರಿ ಸೊಸೆಗೆ ಸಿಗುತ್ತಿದ್ದ ಮಧ್ಯಾಹ್ನದ ಊಟ, ಮೊಟ್ಟೆ ಏನಾಗುತ್ತದೆ?

ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಂಡುಬಿಡಿ. ಅಕ್ಕಿ ಕಾರ್ಡಿನ ಹಿಂದೆ ತಾನಾಗಿಯೇ ಬರುತ್ತದೆ. ಅಂಗನವಾಡಿ ಆಹಾರ ಹಾಗೆ ಬರುವುದಿಲ್ಲ, ಮಗುವಿನ ಹೆಸರನ್ನು ನೀವೇ ಹಳೇ ಊರಿಂದ ಎತ್ತಿ ಹೊಸ ಊರಿಗೆ ಸೇರಿಸಬೇಕು. ರೇಷನ್ ನೋಡಿಕೊಳ್ಳುವುದು ಆಹಾರ ಇಲಾಖೆ, ಅಂಗನವಾಡಿ ಇರುವುದು ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಒಂದು ಕಡೆ ಹೇಳಿದ್ದು ಇನ್ನೊಂದು ಕಡೆಗೆ ಮುಟ್ಟುವುದಿಲ್ಲ.

ನಿಮಗೆ ಬರಬೇಕಾದದ್ದು ಎಷ್ಟು?

ಲೆಕ್ಕ ಗೊತ್ತಿಲ್ಲದೆ ಅಂಗಡಿಗೆ ಹೋದರೆ ಕೊಟ್ಟಷ್ಟು ತಂದುಕೊಳ್ಳುವ ಪಾಡು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಿಪಿಎಲ್ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ಸರ್ಕಾರಿ ಕಾಗದದಲ್ಲಿ ಇದಕ್ಕೆ 'ಆದ್ಯತಾ ಕುಟುಂಬ' ಎನ್ನುತ್ತಾರೆ. ಅಂತ್ಯೋದಯ ಕಾರ್ಡಾದರೆ ತಲೆ ಲೆಕ್ಕವಿಲ್ಲ, ಇಡೀ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ. 2023ರ ಜನವರಿಯಿಂದ ಈ ಧಾನ್ಯ ಪೂರ್ತಿ ಉಚಿತ. ಇದು ಕೇಂದ್ರದ ಪಾಲು, ದೇಶದ ಯಾವ ಮೂಲೆಗೆ ಹೋದರೂ ನಿಮ್ಮ ಜೊತೆ ಬರುವುದು ಇಷ್ಟೇ.

ಕರ್ನಾಟಕ ತನ್ನ ಕಡೆಯಿಂದ ಅನ್ನಭಾಗ್ಯದಲ್ಲಿ ಕೊಡುವ ಹೆಚ್ಚುವರಿ ಪಾಲು ರಾಜ್ಯದ ಗಡಿ ದಾಟುವುದಿಲ್ಲ. ಊರಲ್ಲಿ ಹತ್ತು ಕಿಲೋ ತಂದು ರೂಢಿಯಾದವರು ಗೋವಾದಲ್ಲಿ ಐದು ಕಿಲೋ ಕೊಟ್ಟಾಗ ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ನಿಲ್ಲುವುದುಂಟು. ಅದು ಮೋಸವಲ್ಲ. ಐದಕ್ಕಿಂತ ಕಡಿಮೆ ಕೊಟ್ಟರೆ, ಅಥವಾ ಹಣ ಕೇಳಿದರೆ, ಆಗ ಮೋಸ.

ಎಪಿಎಲ್ ಕಾರ್ಡಿನವರಿಗೆ ಹೊರರಾಜ್ಯದಲ್ಲಿ ಈ ಸೌಲಭ್ಯ ಇಲ್ಲ. ಆದರೆ ಅಂಗನವಾಡಿಗೂ ಬಿಸಿಯೂಟಕ್ಕೂ ಯಾವ ಕಾರ್ಡೂ ಬೇಕಿಲ್ಲ, ಅವು ಎಲ್ಲರಿಗೂ ತೆರೆದಿವೆ. ಹಾಗಾಗಿ ಎಪಿಎಲ್‌ನವರು, ಕಾರ್ಡೇ ಇಲ್ಲದವರು ನೇರ ಮೂರನೇ ಹಂತಕ್ಕೆ ಹೋಗಿ ಓದಿ.

ಹಂತ 1: ಊರು ಬಿಡುವ ಮುಂಚೆ ಕಾರ್ಡನ್ನು ಒಮ್ಮೆ ಪರೀಕ್ಷಿಸಿ

ಬೇರೆ ರಾಜ್ಯದಲ್ಲಿ ನಿಂತು ನಿಮ್ಮ ಕಾರ್ಡಿನ ಒಂದಕ್ಷರವನ್ನೂ ತಿದ್ದಿಸಲಾಗದು. ಹೆಸರು ಸೇರಿಸುವುದು, ತೆಗೆಯುವುದು, ತಿದ್ದುಪಡಿ ಎಲ್ಲವೂ ಕಾರ್ಡ್ ಕೊಟ್ಟ ರಾಜ್ಯದಲ್ಲೇ ಆಗಬೇಕು. ಬಸ್ಸು ಹತ್ತುವ ಹಿಂದಿನ ದಿನ ನೆನಪಾದರೆ ಪ್ರಯೋಜನವಿಲ್ಲ, ಒಂದೆರಡು ತಿಂಗಳು ಮೊದಲೇ ಇವನ್ನು ನೋಡಿಕೊಳ್ಳಿ.

ಮೊದಲನೆಯದು, ಎಲ್ಲರ ಹೆಸರೂ ಕಾರ್ಡಿನಲ್ಲಿದೆಯೇ? ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಮಗು ಹುಟ್ಟಿ ಎರಡು ವರ್ಷವಾದರೂ ಸೇರಿಸಿರುವುದಿಲ್ಲ. ಹೆಸರಿಲ್ಲದ ತಲೆಗೆ ಐದು ಕಿಲೋ ಇಲ್ಲ. ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಹಿಡಿದು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ. ಅಲ್ಲಿ ಕಾಣಬೇಕಾದವರು ಆಹಾರ ಶಿರಸ್ತೇದಾರರು ಅಥವಾ ಆಹಾರ ನಿರೀಕ್ಷಕರು.

ಎರಡನೆಯದು, ಇ-ಕೆವೈಸಿ. ಅಂದರೆ ಕಾರ್ಡಿನಲ್ಲಿರುವ ವ್ಯಕ್ತಿ ನಿಜವಾಗಿ ಅವರೇ ಎಂದು ಆಧಾರ್ ಮೂಲಕ ಬೆರಳಚ್ಚು ಕೊಟ್ಟು ಖಾತ್ರಿ ಮಾಡುವುದು. ಊರಿನ ಸೊಸೈಟಿಯಲ್ಲೇ ಮಾಡುತ್ತಾರೆ. ಮನೆ ಯಜಮಾನಿಯದು ಒಬ್ಬರದಾದರೆ ಸಾಲದು, ಎಲ್ಲರದೂ ಆಗಿರಬೇಕು.

ಮೂರನೆಯದು ಮಕ್ಕಳ ಆಧಾರ್. ಐದು ವರ್ಷದೊಳಗಿನ ಮಕ್ಕಳ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ. ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಬೆರಳಚ್ಚು ಕೊಟ್ಟು ಹೊಸದು ಮಾಡಿಸಬೇಕು. ಇದನ್ನು ಮಾಡಿಸದ ಮಕ್ಕಳ ಇ-ಕೆವೈಸಿ ಅಲ್ಲಿಗೇ ನಿಂತುಬಿಡುತ್ತದೆ.

ನಾಲ್ಕನೆಯದನ್ನು ಜನ ಹಗುರ ಮಾಡುತ್ತಾರೆ, ಆದರೆ ಮುಂದೆ ಎಲ್ಲ ಕಡೆ ತೊಡಕಾಗುವುದು ಇದೇ: ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್. ಹಳೇ ಸಿಮ್ ಬಂದ್ ಆಗಿರುತ್ತದೆ, ಇಲ್ಲವೇ ಹೆಂಡತಿಯ ಆಧಾರ್‌ಗೆ ಗಂಡನ ನಂಬರ್ ಇದ್ದು, ಅವನು ಸೈಟಿನಲ್ಲಿ ಕೆಲಸಕ್ಕೆ ಹೋಗಿರುತ್ತಾನೆ. ಒಟಿಪಿ ಬಂದರೂ ಅವಳ ಕೈಗೆ ಸಿಗುವುದಿಲ್ಲ. ಮಗುವಿನ ತಾಯಿಯ ಆಧಾರ್‌ಗೆ ಅವಳ ಕೈಯಲ್ಲೇ ಇರುವ ನಂಬರ್ ಜೋಡಿಸಿಕೊಂಡು ಹೊರಡಿ. ಆಧಾರ್ ಕೇಂದ್ರಕ್ಕೆ ಒಂದು ಸಲ ಹೋಗಿ ಬಂದರೆ ಮುಗಿಯಿತು.

ಕಾರ್ಡಿನ 12 ಅಂಕಿಯ ನಂಬರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋನೂ ತೆಗೆದಿಟ್ಟುಕೊಳ್ಳಿ. ಮೂಲ ಕಾರ್ಡನ್ನು ಊರಲ್ಲಿ ಉಳಿಯುವವರ ಕೈಗೆ ಕೊಟ್ಟು ಹೋದರೂ ನಡೆಯುತ್ತದೆ. ಹೊರಗೆ ಬೇಕಾಗುವುದು ನಂಬರು, ಆಧಾರ್ ಮತ್ತು ಬೆರಳು.

ಹಂತ 2: ಅವಸರಪಟ್ಟು ಕಾರ್ಡ್ ರದ್ದು ಮಾಡಿಸಬೇಡಿ

"ಊರು ಬಿಟ್ಟು ಹೋಗೋರು ಕಾರ್ಡ್ ಸರೆಂಡರ್ ಮಾಡ್ಬೇಕು" ಎಂದು ಯಾರೋ ಹೇಳಿದ್ದನ್ನು ನಂಬಿ ಕಾರ್ಡ್ ಕಳೆದುಕೊಂಡು ಕಣ್ಣೀರು ಹಾಕಿದ ಕುಟುಂಬಗಳನ್ನು ನೋಡಿದ್ದೇನೆ. ದುಡಿಯಲು ಹೋಗುವವರು ರದ್ದು ಮಾಡಿಸಬೇಕಾಗಿಲ್ಲ. ಇಂಥವರಿಗಾಗಿಯೇ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ ಬಂದಿರುವುದು. 2019ರ ಆಗಸ್ಟ್‌ನಲ್ಲಿ ಆಂಧ್ರ ಮತ್ತು ತೆಲಂಗಾಣ, ಗುಜರಾತ್ ಮತ್ತು ಮಹಾರಾಷ್ಟ್ರದ ನಡುವೆ ಶುರುವಾಯಿತು. 2020ರ ಜನವರಿಯಲ್ಲಿ ಸೇರಿದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ಪಟ್ಟ ಪಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು ಎಲ್ಲ ರಾಜ್ಯಗಳಿಗೂ ಗಡುವು ಹಾಕಿತು. 2022ರಲ್ಲಿ ಕೊನೆಯದಾಗಿ ಅಸ್ಸಾಂ ಸೇರಿತು. ಈಗ ದೇಶವೆಲ್ಲ ಒಂದೇ.

ಕಾರ್ಡ್ ಹೋದರೆ ಹೋಗುವುದು ಅಕ್ಕಿಯೊಂದೇ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಹೆಣ್ಣುಮಗಳಿಗೆ. ಕಾರ್ಡೇ ಇಲ್ಲದ ಮೇಲೆ ಯಜಮಾನಿ ಎಲ್ಲಿಂದ? ಆಸ್ಪತ್ರೆಯಲ್ಲಿ ಬಿಪಿಎಲ್‌ನವರಿಗಿರುವ ಚಿಕಿತ್ಸಾ ಸೌಲಭ್ಯಕ್ಕೂ ಇದೇ ಕಾರ್ಡ್ ಆಧಾರ. ಒಮ್ಮೆ ಬಿಟ್ಟುಕೊಟ್ಟ ಬಿಪಿಎಲ್ ಕಾರ್ಡನ್ನು ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದು ತಾಲ್ಲೂಕು ಕಚೇರಿ ಅಲೆದವರಿಗೆ ಗೊತ್ತು.

ಇನ್ನು ಕಾರ್ಡ್ ಇಟ್ಟುಕೊಂಡು ಸುಮ್ಮನೆ ಕೂತರೂ ಅಪಾಯವಿದೆ. 2025ರ ಜುಲೈನಲ್ಲಿ ತಿದ್ದುಪಡಿಯಾದ ಪಡಿತರ ನಿಯಂತ್ರಣ ಆದೇಶದ ಪ್ರಕಾರ, ಸತತ ಆರು ತಿಂಗಳು ಧಾನ್ಯ ಎತ್ತದ ಕಾರ್ಡನ್ನು ತಾತ್ಕಾಲಿಕವಾಗಿ ನಿಷ್ಕ್ರಿಯ ಮಾಡಲಾಗುತ್ತದೆ. ಆಮೇಲೆ ಮೂರು ತಿಂಗಳೊಳಗೆ ಮನೆಗೆ ಬಂದು ಪರಿಶೀಲನೆ, ಇ-ಕೆವೈಸಿ. ಅಧಿಕಾರಿ ಬಂದಾಗ ನಿಮ್ಮ ಮನೆಗೆ ಬೀಗ ಬಿದ್ದಿರುತ್ತದೆ. ನೀವು ಪುಣೆಯ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿರುತ್ತೀರಿ. ಆದ್ದರಿಂದ ಹೋದ ಊರಲ್ಲಿ ತಿಂಗಳು ತಿಂಗಳೂ ಪಾಲು ತೆಗೆದುಕೊಳ್ಳಿ. ಅಲ್ಲಿ ಎತ್ತಿದ್ದೂ ಇದೇ ಕಾರ್ಡಿನ ಲೆಕ್ಕಕ್ಕೇ ಬರುತ್ತದೆ.

ಹಂತ 3: ಊರಿನ ಅಂಗನವಾಡಿ ಟೀಚರ್‌ಗೆ ಹೇಳಿಯೇ ಹೊರಡಿ

ಮನೆಯಲ್ಲಿ ಬಸುರಿ, ಬಾಣಂತಿ ಅಥವಾ ಆರು ವರ್ಷದೊಳಗಿನ ಮಗು ಇದ್ದರೆ ಈ ಹಂತವನ್ನು ಬಿಡಲೇಬೇಡಿ.

ಅಂಗನವಾಡಿಯಲ್ಲಿ ಪ್ರತಿ ಫಲಾನುಭವಿಯ ಹೆಸರು, ತೂಕ, ಎತ್ತರ, ಕೊಟ್ಟ ಆಹಾರ ಎಲ್ಲವೂ 'ಪೋಷಣ್ ಟ್ರ್ಯಾಕರ್' ಎಂಬ ಮೊಬೈಲ್ ಆ್ಯಪಿನಲ್ಲಿ ದಾಖಲಾಗುತ್ತದೆ. 2021ರಿಂದ ದೇಶದ ಎಲ್ಲ ಅಂಗನವಾಡಿಗಳಿಗೂ ಒಂದೇ ಆ್ಯಪ್. ಒಬ್ಬರ ಹೆಸರು ಒಂದು ಕೇಂದ್ರದಲ್ಲಿ ಇರುವಾಗ ಇನ್ನೊಂದರಲ್ಲಿ ಹೊಸದಾಗಿ ಸೇರಿಸಲು ಹೋದರೆ ಹಳೆಯ ದಾಖಲೆ ಅಡ್ಡ ಬರುತ್ತದೆ. ಅದಕ್ಕಾಗಿಯೇ ಆ್ಯಪಿನಲ್ಲಿ 'ವಲಸೆ' ಎಂಬ ಸೌಲಭ್ಯವಿದೆ, ರಾಜ್ಯದೊಳಗೂ ರಾಜ್ಯದಿಂದ ರಾಜ್ಯಕ್ಕೂ. ಹಳೇ ಕೇಂದ್ರದ ಟೀಚರ್ "ಇವರು ಹೋಗಿದ್ದಾರೆ" ಎಂದು ಗುರುತು ಮಾಡಿದರೆ ಹೊಸ ಕೇಂದ್ರದವರು ಆ ದಾಖಲೆಯನ್ನೇ ತೆಗೆದುಕೊಳ್ಳಬಹುದು.

ಟೀಚರ್ ಹತ್ತಿರ ಹೀಗೆ ಕೇಳಿ: "ಅಕ್ಕಾರ, ನಾವು ಗೋವಾಕ್ಕ ಹೊಂಟೀವಿ, ಪೋಷಣ್ ಟ್ರ್ಯಾಕರ್‌ನ್ಯಾಗ ಮಗೂನ ಹೆಸರು ವಲಸೆ ಅಂತ ಹಾಕ್ರಿ." ಹೆಸರು ಕಡಿಮೆಯಾದೀತು ಎಂದು ಕೆಲವರು ಹಿಂದೇಟು ಹಾಕಬಹುದು. ಸಮಾಧಾನದಿಂದ ಮತ್ತೊಮ್ಮೆ ಕೇಳಿ, ಅವರ ಫೋನ್ ನಂಬರನ್ನೂ ಪಡೆದುಕೊಳ್ಳಿ. ಹೊಸ ಊರಿನ ಟೀಚರ್‌ಗೆ ಏನಾದರೂ ತೊಡಕಾದರೆ ಇಬ್ಬರನ್ನೂ ಫೋನಿನಲ್ಲಿ ಮಾತಾಡಿಸಿಬಿಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಜೊತೆಗೆ ಒಯ್ಯಬೇಕಾದ ಮುಖ್ಯ ಕಾಗದ ತಾಯಿ ಕಾರ್ಡ್. ಬಸುರಿಯ ತಪಾಸಣೆ, ಮಗುವಿನ ಲಸಿಕೆ, ತೂಕದ ಗೆರೆ ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀರೆಗಳ ನಡುವೆ ಇಟ್ಟುಕೊಳ್ಳಿ. ಶೆಡ್ಡಿನಲ್ಲಿ ಮಳೆ ಸೋರಿ ಶಾಯಿ ಕಲೆಸಿಹೋದ ತಾಯಿ ಕಾರ್ಡ್ ಹಿಡಿದು, ಯಾವ ಲಸಿಕೆ ಆಗಿದೆ ಯಾವುದು ಆಗಿಲ್ಲ ಎಂದು ತಿಳಿಯದೆ ತಾಯಿ ನಿಂತುಬಿಡುವುದು ನನಗೆ ಹೊಸ ದೃಶ್ಯವಲ್ಲ.

ಹಂತ 4: ಹೋದ ಊರಲ್ಲಿ ರೇಷನ್ ಅಂಗಡಿ

ಹೋಗಿ ಇಳಿದ ಮೊದಲ ವಾರದಲ್ಲೇ ಹತ್ತಿರದ ಅಂಗಡಿ ಹುಡುಕಿ. ಇಂಥದ್ದೇ ಅಂಗಡಿ ಎಂದಿಲ್ಲ, ಯಾವ ನ್ಯಾಯಬೆಲೆ ಅಂಗಡಿಯಾದರೂ ಆದೀತು. ಕೇಂದ್ರದ 'ಮೇರಾ ರಾಶನ್' ಆ್ಯಪ್ ಕನ್ನಡದಲ್ಲೂ ಇದೆ. ಹತ್ತಿರದ ಅಂಗಡಿ ಎಲ್ಲಿ, ನಿಮಗೆಷ್ಟು ಪಾಲು, ಕಳೆದ ತಿಂಗಳು ಯಾರು ಎಷ್ಟು ಎತ್ತಿದರು ಎಂಬುದು ಅದರಲ್ಲಿ ಸಿಗುತ್ತದೆ.

ಅಂಗಡಿಯಲ್ಲಿ ಇ-ಪಾಸ್ ಎಂಬ ಪುಟ್ಟ ಯಂತ್ರ ಇರುತ್ತದೆ, ನಮ್ಮೂರಿನ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುತ್ತೇವಲ್ಲ, ಅದೇ. ನಿಮ್ಮ ಕಾರ್ಡ್ ನಂಬರ್ ಇಲ್ಲವೇ ಆಧಾರ್ ನಂಬರ್ ಹೇಳಬೇಕು, ಅವರು ಹೊರರಾಜ್ಯದ ಕಾರ್ಡಿಗೆಂದು ಇರುವ ಆಯ್ಕೆ ಒತ್ತಬೇಕು, ನೀವು ಬೆರಳು ಕೊಡಬೇಕು. ಆಗ ನಿಮ್ಮ ಮನೆಯವರ ಹೆಸರು, ಉಳಿದಿರುವ ಪಾಲು ಪರದೆಯ ಮೇಲೆ ಬರುತ್ತದೆ. ಅಷ್ಟೇ ಕೆಲಸ.

ಅಂಗಡಿಯವರು ಕಾರ್ಡ್ ನೋಡಿದ ಕೂಡಲೇ "ಇದು ಇಲ್ಲಿಯದಲ್ಲ" ಎಂದುಬಿಡುವುದು ಎಲ್ಲ ಕಡೆ ಇರುವ ಗೋಳು. ಅವರಿಗೆ ಒಳಗೊಳಗೇ ಇರುವ ಅಂಜಿಕೆ ದಾಸ್ತಾನಿನದು. ಹೊರಗಿನವರಿಗೆ ಕೊಟ್ಟರೆ ತನ್ನ ಕಾರ್ಡಿನವರಿಗೆ ಕಡಿಮೆ ಬಿದ್ದೀತು ಎಂದು. ಹೊರಗಿನವರಿಗೆ ಕೊಟ್ಟದ್ದು ಯಂತ್ರದಲ್ಲೇ ದಾಖಲಾಗುತ್ತದೆ, ಅಷ್ಟು ದಾಸ್ತಾನನ್ನು ಅವರು ಮತ್ತೆ ತರಿಸಿಕೊಳ್ಳಲು ಅವಕಾಶವಿದೆ. ಜಗಳ ತೆಗೆಯಬೇಡಿ. ಹೊಸ ಜಾಗದಲ್ಲಿ ಭಾಷೆ ಬಾರದವರ ಜಗಳ ಗೆಲ್ಲುವುದು ಕಡಿಮೆ. "ಒನ್ ನೇಷನ್ ಒನ್ ರೇಷನ್ ಕಾರ್ಡ್" ಎಂಬ ಇಂಗ್ಲಿಷ್ ಮಾತು ಮಹಾರಾಷ್ಟ್ರ, ಗೋವಾ, ಕೇರಳ, ತೆಲಂಗಾಣ ಎಲ್ಲೆಡೆ ಅರ್ಥವಾಗುತ್ತದೆ, ಅದನ್ನೇ ಹೇಳಿ. ಅದಕ್ಕೂ ಆಗದಿದ್ದರೆ 14445ಕ್ಕೆ ಫೋನ್ ಹಚ್ಚಿ. ಇದು ಇದಕ್ಕೆಂದೇ ಇರುವ ಉಚಿತ ಸಹಾಯವಾಣಿ.

ಬೆರಳು ಒಪ್ಪದಿರುವುದು ಇನ್ನೊಂದು ತೊಂದರೆ. ಸಿಮೆಂಟ್ ಕಲೆಸುವವರ, ಕಬ್ಬು ಕಡಿಯುವವರ ಹೆಬ್ಬೆರಳ ಗೆರೆಗಳು ಸವೆದು ನುಣ್ಣಗಾಗಿರುತ್ತವೆ. ಯಂತ್ರ ಕೆಂಪು ದೀಪ ತೋರಿಸುತ್ತಲೇ ಇರುತ್ತದೆ, ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿರುತ್ತಾರೆ. ಹೆಬ್ಬೆರಳನ್ನೇ ಮತ್ತೆ ಮತ್ತೆ ಒತ್ತಬೇಡಿ. ಹತ್ತು ಬೆರಳಲ್ಲಿ ಯಾವುದಾದರೂ ನಡೆಯುತ್ತದೆ, ಎಡಗೈಯ ಉಂಗುರ ಬೆರಳು, ಕಿರುಬೆರಳು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತವೆ. ಹಿಂದಿನ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬೆಳಿಗ್ಗೆ ಬಿಸಿನೀರಲ್ಲಿ ತೊಳೆದು ಒರೆಸಿಕೊಂಡು ಹೋಗಿ. ಕಣ್ಣಿನ ಪಾಪೆ ನೋಡುವ ಯಂತ್ರ ಇದ್ದರೆ ಅದನ್ನು ಕೇಳಿ. ಇದೆಲ್ಲಕ್ಕಿಂತ ಸುಲಭದ ದಾರಿ ಬೇರೆ ಇದೆ: ಕಾರ್ಡಿನಲ್ಲಿ ಹೆಸರಿರುವ ಯಾರ ಬೆರಳು ಒಪ್ಪಿದರೂ ಇಡೀ ಮನೆಯ ಪಾಲು ತರಬಹುದು. ಗಂಡನ ಬೆರಳು ಸವೆದಿದ್ದರೆ ದೊಡ್ಡ ಮಗಳನ್ನು ಕರೆದುಕೊಂಡು ಹೋಗಿ.

ಧಾನ್ಯ ಯಾವುದು ಎಂಬುದು ಆ ಊರಿಗೆ ಬಿಟ್ಟದ್ದು. ನಮ್ಮ ಜೋಳ, ರಾಗಿ ಅಲ್ಲಿ ಸಿಗದಿರಬಹುದು. ಅಕ್ಕಿಯ ಜೊತೆ ಗೋಧಿ ಹಂಚುವ ಕಡೆ ನಿಮಗೂ ಗೋಧಿ ಕೊಡುತ್ತಾರೆ. ಒಟ್ಟು ತೂಕ ಸರಿಯಿರಬೇಕು, ಅಷ್ಟೇ ನೋಡಿ. ಚೀಟಿ ಕೇಳಿ ತೆಗೆದುಕೊಳ್ಳಿ. ಯಂತ್ರ ಮುದ್ರಿಸುವ ಆ ಚೀಟಿಯಲ್ಲಿ 20 ಕಿಲೋ ಎಂದಿದ್ದು ಚೀಲದಲ್ಲಿ 16 ಇದ್ದರೆ ನಾಳೆ ದೂರು ಕೊಡಲು ಅದೇ ಸಾಕ್ಷಿ.

ಹಂತ 5: ಊರಲ್ಲಿ ಉಳಿದವರ ಜೊತೆ ಪಾಲು ಹಂಚಿಕೊಳ್ಳುವುದು

ಅರ್ಧ ಮನೆ ಊರಲ್ಲಿ, ಅರ್ಧ ಮನೆ ಹೊರಗೆ. ನಮ್ಮಲ್ಲಿ ಹೆಚ್ಚಿನ ಕುಟುಂಬಗಳದ್ದು ಇದೇ ಕಥೆ. ಒಂದೇ ಕಾರ್ಡಿನ ಪಾಲನ್ನು ಎರಡು ಕಡೆ ಎತ್ತಲು ಅವಕಾಶವಿದೆ. ಆದರೆ ಯಂತ್ರಕ್ಕೆ ನಿಮ್ಮ ಮನೆಯ ಒಪ್ಪಂದ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಟ್ಟು ಲೆಕ್ಕ.

ಆರು ಜನರ ಬಿಪಿಎಲ್ ಕಾರ್ಡ್ ಎಂದುಕೊಳ್ಳಿ. ಕೇಂದ್ರದ ಪಾಲು 30 ಕಿಲೋ. ಅಜ್ಜ ಅಜ್ಜಿ ಊರಲ್ಲಿದ್ದಾರೆ, ಉಳಿದ ನಾಲ್ವರು ಗೋವಾದಲ್ಲಿ. ನ್ಯಾಯವಾಗಿ ಅಲ್ಲಿ 20, ಇಲ್ಲಿ 10. ಆದರೆ ಅಜ್ಜ ಸೊಸೈಟಿ ತೆರೆದ ದಿನವೇ ಹೋಗಿ ಪೂರ್ತಿ ಎತ್ತಿಬಿಟ್ಟರೆ ಗೋವಾದಲ್ಲಿ ಯಂತ್ರ ಸೊನ್ನೆ ತೋರಿಸುತ್ತದೆ. ಅಂಗಡಿಯವರ ತಪ್ಪೇನೂ ಇರುವುದಿಲ್ಲ. ಹಾಗೆಯೇ ನೀವು ಅಲ್ಲಿ ಮೂವತ್ತೂ ಎತ್ತಿದರೆ ಊರಲ್ಲಿ ಮುದುಕರು ಬರಿಗೈಯಲ್ಲಿ ಮನೆಗೆ ಬರುತ್ತಾರೆ. ಸೊಸೈಟಿಗೆ ಹೋಗುವ ಮುಂಚೆ ಒಂದು ಫೋನ್ ಮಾಡಿಕೊಳ್ಳುವ ರೂಢಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ "ಇಷ್ಟೇ ಸಾಕು, ಉಳಿದದ್ದು ಬಿಡಿ" ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರು ಪೂರ್ತಿ ಅಂಕಿಯನ್ನೇ ಒತ್ತಿಬಿಡುತ್ತಾರೆ.

ಒಂದು ತಿಂಗಳು ತಪ್ಪಿದರೆ ಮುಂದಿನ ತಿಂಗಳು ಎರಡು ಪಾಲು ಸಿಕ್ಕೀತು ಎಂದು ನೆಚ್ಚಿಕೊಳ್ಳಬೇಡಿ.

ಹಂತ 6: ಹೋದ ಊರಿನ ಅಂಗನವಾಡಿ

ರೇಷನ್ ಅಂಗಡಿಗೆ ಗಂಡಸರು ಹೋಗುತ್ತಾರೆ, ಅಂಗನವಾಡಿ ಯಾರ ನೆನಪಿಗೂ ಬರುವುದಿಲ್ಲ. ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಹೊಟ್ಟೆಗೆ ಬೀಳಬೇಕಾದದ್ದು ಬರೀ ಅನ್ನವಲ್ಲ. ಸೈಟಿನಲ್ಲಿ ತಾಯಿ ಬುಟ್ಟಿ ಹೊರುವಾಗ ಮಗುವಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಮರಳಿನ ಗುಡ್ಡೆಯ ಪಕ್ಕ ಕೂರಿಸಿರುತ್ತಾರೆ. ನಾಲ್ಕು ತಿಂಗಳಲ್ಲಿ ತೂಕದ ಗೆರೆ ಕೆಳಗಿಳಿದುಬಿಟ್ಟಿರುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡಲು ನಿಮಗೆ ಪುರಸೊತ್ತಿದ್ದರೆ ಇದನ್ನೇ ಮಾಡಿ.

ಕಾನೂನು ನಿಮ್ಮ ಕಡೆ ಇದೆ. ಅದೇ 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಬಸುರಿಗೆ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಗೆ, ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಸ್ಥಳೀಯ ಅಂಗನವಾಡಿಯಿಂದ ಉಚಿತ ಆಹಾರ ಎಂದು ಬರೆದಿದೆ. ನೀವು ಆ ರಾಜ್ಯದವರೇ ಆಗಿರಬೇಕು ಎಂದಿಲ್ಲ. ಬಾಡಿಗೆ ಕರಾರು, ಬಿಪಿಎಲ್ ಕಾರ್ಡ್ ಕೇಳಿದರೆ "ಅದು ಬೇಕಿಲ್ಲ" ಎಂದು ನಯವಾಗಿ ಹೇಳಿ.

ಮೂರು ವರ್ಷದೊಳಗಿನ ಮಕ್ಕಳಿಗೆ 'ಟೇಕ್ ಹೋಮ್ ರೇಷನ್' ಕೊಡುತ್ತಾರೆ, ಅಂದರೆ ಮನೆಗೆ ಒಯ್ದು ಬೇಯಿಸಿಕೊಡುವ ಪುಡಿ ಅಥವಾ ಕಾಳು. ನಮ್ಮಲ್ಲಿ ಅದು ಪುಷ್ಟಿ. ಕೇರಳದಲ್ಲಿ ಕುಟುಂಬಶ್ರೀ ಹೆಣ್ಣುಮಕ್ಕಳು ತಯಾರಿಸುವ ಅಮೃತಂ, ತೆಲಂಗಾಣದಲ್ಲಿ ಬಾಲಾಮೃತಂ. ಆಯಾ ಊರಿನ ಹೆಸರು ಹಿಡಿದು ಕೇಳಿದರೆ ಕೆಲಸ ಬೇಗ ಆಗುತ್ತದೆ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲೇ ಬಿಸಿ ಊಟ. ಬಸುರಿ, ಬಾಣಂತಿಯರಿಗೆ ನಮ್ಮ ಮಾತೃಪೂರ್ಣ ಯೋಜನೆಯಂತೆ ಕೇಂದ್ರದಲ್ಲೇ ಕೂರಿಸಿ ಊಟ ಹಾಕುವ ಪದ್ಧತಿ ಎಲ್ಲ ರಾಜ್ಯಗಳಲ್ಲಿ ಇಲ್ಲ. ತೆಲಂಗಾಣದ ಆರೋಗ್ಯ ಲಕ್ಷ್ಮಿಯಲ್ಲಿ ಇದೆ. ಉಳಿದ ಕಡೆ ಹೆಚ್ಚಾಗಿ ಮನೆಗೆ ಒಯ್ಯುವ ಪೊಟ್ಟಣ.

ಹೋಗುವಾಗ ತಾಯಿಯ ಆಧಾರ್, ತಾಯಿ ಕಾರ್ಡ್, ಆಧಾರ್‌ಗೆ ಜೋಡಿಸಿದ ಫೋನ್ ಕೈಯಲ್ಲಿರಲಿ. ಮಗುವಿನ ಆಧಾರ್ ಇಲ್ಲದಿದ್ದರೆ ಹೆದರಬೇಡಿ, ತಾಯಿಯ ಆಧಾರ್ ಸಾಕು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರ ಕೊಡುವಾಗ ಮುಖ ಗುರುತಿಸುವುದನ್ನು ಕಡ್ಡಾಯ ಮಾಡಿದ್ದಾರೆ. ಮೊದಲು ಒಟಿಪಿ, ಆಮೇಲೆ ಟೀಚರ್ ತಮ್ಮ ಮೊಬೈಲಿನಲ್ಲಿ ನಿಮ್ಮ ಮುಖದ ಫೋಟೋ ತೆಗೆದು ಆಧಾರ್‌ನದ್ದರ ಜೊತೆ ತಾಳೆ ನೋಡುತ್ತಾರೆ. ಮೊದಲನೇ ಹಂತದಲ್ಲಿ ತಾಯಿಯ ಮೊಬೈಲ್ ನಂಬರಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಸೆರಗನ್ನು ಮುಖದಿಂದ ಸರಿಸಿ, ಬೆಳಕಿಗೆ ಮುಖ ಮಾಡಿ ನಿಂತರೆ ಬೇಗ ಆಗುತ್ತದೆ.

ಮಗುವಿನ ತೂಕ ಹಾಕಿಸದೆ ಬರಬೇಡಿ. ತೀರಾ ಕಡಿಮೆ ಇರುವ ಮಕ್ಕಳಿಗೆ ಹೆಚ್ಚು ಆಹಾರ ಕೊಡಬೇಕೆಂಬ ನಿಯಮವಿದೆ, ಅದು ಶುರುವಾಗುವುದು ತೂಕದಿಂದಲೇ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಹಣ ಅರ್ಧಕ್ಕೆ ನಿಂತಿದ್ದರೆ ಅದನ್ನೂ ಇಲ್ಲೇ ಕೇಳಿ. ಮೊದಲ ಹೆರಿಗೆಗೆ ಎರಡು ಕಂತಿನಲ್ಲಿ 5,000, ಎರಡನೆಯದು ಹೆಣ್ಣುಮಗುವಾದರೆ ಒಂದೇ ಸಲಕ್ಕೆ 6,000 ರೂಪಾಯಿ. ಇದು ಕೇಂದ್ರದ ಯೋಜನೆ, ಊರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಹಂತ 7: ಶಾಲೆಗೆ ಹೋಗುವ ಮಕ್ಕಳು

ಎಂಟನೇ ತರಗತಿವರೆಗೆ ಯಾವ ರಾಜ್ಯದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿದರೂ ಬಿಸಿಯೂಟ ಇದೆ, ಹೆಸರು ಹಚ್ಚಿದರೆ ಸಾಕು. ಟಿಸಿ ತಂದಿಲ್ಲ ಎಂದು ಸೇರಿಸಿಕೊಳ್ಳದಿದ್ದರೆ ಒಪ್ಪಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂನಲ್ಲಿ, ಟಿಸಿ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದಿದೆ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಇದೇ ಮಾತು. ಭಾಷೆ ಬೇರೆ ಎಂದು ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ಒಂಬತ್ತು, ಹತ್ತನೇ ತರಗತಿಯವರಿಗೆ ಕರ್ನಾಟಕದಲ್ಲಿ ಇರುವ ಊಟ ಎಲ್ಲ ಕಡೆ ಇಲ್ಲ, ಅದನ್ನು ಮುಂಚೆಯೇ ವಿಚಾರಿಸಿಕೊಳ್ಳಿ.

ಹಂತ 8: ಕೊಡದಿದ್ದರೆ ಎಲ್ಲಿ ಕೇಳಬೇಕು

ರೇಷನ್‌ಗೆ 14445, ಇಲ್ಲವೇ ಆಯಾ ರಾಜ್ಯದ ಆಹಾರ ಇಲಾಖೆಯ 1967. ಅಂಗನವಾಡಿ ಆಹಾರಕ್ಕೆ ಪೋಷಣ್ ಸಹಾಯವಾಣಿ 14408. ಆಧಾರ್ ತೊಡಕಿಗೆ 1947. ಫೋನ್ ಮಾಡುವಾಗ ಅಂಗಡಿಯ ನಂಬರ್ ಬರೆದಿಟ್ಟುಕೊಂಡಿರಿ, ಹೊರಗಿನ ಫಲಕದಲ್ಲಿ ಇರುತ್ತದೆ. ಹೋದ ದಿನ, ಹೊತ್ತು, ಯಂತ್ರದಲ್ಲಿ ಏನು ಬಂತು ಎಂಬುದನ್ನು ಹೇಳಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.

ಅಲ್ಲೂ ಆಗದಿದ್ದರೆ ಜಿಲ್ಲೆಗೊಬ್ಬರು ಕುಂದುಕೊರತೆ ನಿವಾರಣಾಧಿಕಾರಿ ಇರುತ್ತಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ. ಬರವಣಿಗೆಯಲ್ಲಿ ಕೊಡಿ. ಅರ್ಹರಿಗೆ ಧಾನ್ಯ ಅಥವಾ ಊಟ ಕೊಡದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಆ ಕಲಂ ಸಂಖ್ಯೆ ಬರೆಯುವುದನ್ನು ಮರೆಯಬೇಡಿ.

ಯಾವ ಹಂತದಲ್ಲೂ ಯಾರಿಗೂ ಹಣ ಕೊಡಬೇಡಿ. "ಕಾರ್ಡ್ ಟ್ರಾನ್ಸ್‌ಫರ್ ಮಾಡಿಸಿಕೊಡ್ತೀನಿ, ಐನೂರು ಕೊಡಿ" ಎನ್ನುವ ಮಧ್ಯವರ್ತಿಗಳು ಕಾರ್ಮಿಕರ ಶೆಡ್ಡುಗಳ ಸುತ್ತ ಇರುತ್ತಾರೆ. ಟ್ರಾನ್ಸ್‌ಫರ್ ಎಂಬುದೇ ಇಲ್ಲದ ಮೇಲೆ ಮಾಡಿಸುವುದೇನು? ಅವರು ಒಟಿಪಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 9: ಅಲ್ಲೇ ನೆಲೆಸುವುದಾದರೆ, ಅಥವಾ ಮರಳುವುದಾದರೆ

ಮನೆಮಂದಿಯೆಲ್ಲ ಹೋಗಿ, ಮಕ್ಕಳ ಶಾಲೆ, ಮತದಾರರ ಪಟ್ಟಿ ಎಲ್ಲ ಅಲ್ಲೇ ಆಗಿ, ಇನ್ನು ಊರಿಗೆ ಬರುವ ಮಾತಿಲ್ಲ ಎಂದಾದರೆ ಆಗ ಮಾತ್ರ ಕಾರ್ಡ್ ಬದಲಿಸುವ ವಿಚಾರ ಮಾಡಿ. ಒಬ್ಬರ ಹೆಸರು ಎರಡು ರಾಜ್ಯದ ಕಾರ್ಡಿನಲ್ಲಿ ಇರುವಂತಿಲ್ಲ, ಆಧಾರ್‌ನಿಂದ ಸಿಕ್ಕಿಬೀಳುತ್ತದೆ. ಮೊದಲು ಆ ರಾಜ್ಯದಲ್ಲಿ ನಿಮಗೆ ಬಿಪಿಎಲ್‌ಗೆ ಸಮನಾದ ಕಾರ್ಡ್ ಸಿಗುವುದೇ ಎಂದು ತಿಳಿದುಕೊಳ್ಳಿ, ಹೆಸರುಗಳೂ ಬೇರೆ. ಕೇರಳದಲ್ಲಿ ಆದ್ಯತಾ ಕಾರ್ಡಿಗೆ ಗುಲಾಬಿ ಬಣ್ಣ, ಅಂತ್ಯೋದಯಕ್ಕೆ ಹಳದಿ. ಸಿಗುವುದು ಖಾತ್ರಿಯಾದ ಮೇಲೆ ಕರ್ನಾಟಕದ ತಾಲ್ಲೂಕು ಕಚೇರಿಯಲ್ಲಿ ಹೆಸರು ತೆಗೆಸಿ, ತೆಗೆದಿದ್ದಕ್ಕೆ ಪ್ರಮಾಣಪತ್ರ ಪಡೆಯಿರಿ. ಆ ಪತ್ರವಿಲ್ಲದೆ ಹೊಸ ಅರ್ಜಿ ಮುಂದಕ್ಕೆ ಹೋಗದು. ಒಂದೇ ಕಾರ್ಡಿನಲ್ಲಿರುವ ಅಜ್ಜ ಅಜ್ಜಿ ಊರಲ್ಲೇ ಇದ್ದರೆ ಇಡೀ ಕಾರ್ಡ್ ಬಿಟ್ಟುಕೊಡಬೇಡಿ, ಹೋದವರ ಹೆಸರನ್ನಷ್ಟೇ ತೆಗೆಸಿ.

ಕಾರ್ಡೇ ಇಲ್ಲದ ಕೂಲಿಕಾರರು ಇ-ಶ್ರಮ್‌ನಲ್ಲಿ, ಅಂದರೆ ಅಸಂಘಟಿತ ಕಾರ್ಮಿಕರಿಗೆಂದು ಕೇಂದ್ರ ನಡೆಸುವ ಜಾಲತಾಣದಲ್ಲಿ, ಹೆಸರು ನೋಂದಾಯಿಸಿಕೊಳ್ಳಿ. ಅಲ್ಲಿ ನೋಂದಾಯಿಸಿಕೊಂಡು ರೇಷನ್ ಕಾರ್ಡ್ ಇಲ್ಲದ ಕಾರ್ಮಿಕರಿಗೆ ಕಾರ್ಡ್ ಕೊಡಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ 2023ರಲ್ಲೂ 2024ರಲ್ಲೂ ಆದೇಶಿಸಿದೆ.

ಕೆಲಸ ಮುಗಿಸಿ ಊರಿಗೆ ಮರಳುವಾಗ ರೇಷನ್‌ಗೆ ಏನೂ ಮಾಡಬೇಕಿಲ್ಲ, ಮುಂದಿನ ತಿಂಗಳು ಎಂದಿನಂತೆ ಸೊಸೈಟಿಗೆ ಹೋಗಿ. ಅಂಗನವಾಡಿಗೆ ಮಾತ್ರ ಇದೇ ಕೆಲಸ ತಿರುಗುಮುರುಗು: ಅಲ್ಲಿನ ಟೀಚರ್‌ಗೆ ಹೇಳಿ ವಲಸೆ ಹಾಕಿಸಿ, ಮಗುವಿನ ಕೊನೆಯ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ. ಊರಿಗೆ ಬಂದ ಮಾರನೇ ದಿನವೇ ಮಗುವನ್ನು ಎತ್ತಿಕೊಂಡು ಹೋಗಿ ಊರಿನ ಟೀಚರ್‌ಗೆ ತೋರಿಸಿ, ಹೆಸರು ಮತ್ತೆ ಹಚ್ಚಿಸಿ.